ಹಾಲು ಆಗಂಗಿಲ್ಲ, ಮಜ್ಜಿಗಿ ಆಗತೈತಿ

ನಮ್ಮೂರು ಮೊರಬದಲ್ಲಿ ದೊಡ್ಡವರು ಲೋಟ ಹಿಡಿದು ಹಾಲು ಕುಡಿದದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಹಾಲು ಇದ್ದದ್ದು ಕೂಸುಗಳಿಗೆ, ಬಾಣಂತಿಯರಿಗೆ, ಜಡ್ಡಾದವರಿಗೆ, ಆಮೇಲೆ ಚಹಾಕ್ಕೆ. ಉಳಿದದ್ದಕ್ಕೆಲ್ಲ ರಾತ್ರಿ ಹೆಪ್ಪು ಬೀಳುತ್ತಿತ್ತು. ಹೊಲಕ್ಕೆ ಹೋಗುವ ಬುತ್ತಿಯಲ್ಲಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬಿಸಿಲು ಏರಿದ ಮೇಲೆ ನುಚ್ಚು-ಮಜ್ಜಿಗಿ. ಯಾರಾದರೂ 'ನನಗ ಹಾಲು ಆಗಂಗಿಲ್ಲ' ಅಂದರೆ ಅದು ರೋಗದ ಮಾತು ಅಂತ ಯಾರೂ ತಿಳಿಯುತ್ತಿರಲಿಲ್ಲ. 'ನನಗ ಬದನಿಕಾಯಿ ಸೇರಂಗಿಲ್ಲ' ಅಂದಷ್ಟೇ ಸಲೀಸು. 'ಹಂಗಾದ್ರ ಮಜ್ಜಿಗಿ ಕುಡಿ' ಅಂತ ಮಾತು ಮುಗಿಯುತ್ತಿತ್ತು.

ಈಗ ನಾನಿರುವ ಬೆಂಗಳೂರಿನಲ್ಲಿ ಇದೇ ಮಾತಿಗೆ ಒಂದು ದೊಡ್ಡ ಮಾರುಕಟ್ಟೆಯೇ ಇದೆ. ನಮ್ಮ ಟೀಮಿನಲ್ಲಿ ಒಬ್ಬರು ಓಟ್ಸ್ ಹಾಲು, ಒಬ್ಬರು ಬಾದಾಮಿ ಹಾಲು, ಇನ್ನೊಬ್ಬರು ಗಾಜಿನ ಬಾಟಲಿಯಲ್ಲಿ ಮನೆ ಬಾಗಿಲಿಗೆ ಬರುವ 'ಎ2' ಹಾಲು, ಮತ್ತೊಬ್ಬರು ಕಾಯಿಸದ ಹಸಿ ಹಾಲಿನ ಭಕ್ತರು. ಎಲ್ಲರ ತಕರಾರೂ ಒಂದೇ: ಪ್ಯಾಕೆಟ್ ಹಾಲು ಹೊಟ್ಟೆಗೆ ಆಗಲ್ಲ, ಅದನ್ನ ಪ್ರೊಸೆಸ್ ಮಾಡಿ ಕೆಡಿಸಿದಾರೆ.

ನಮ್ಮವ್ವನದೂ ಅದೇ ತಕರಾರು. ಅರವತ್ತು ದಾಟಿದ ಅವ್ವನಿಗೆ ಎಲುಬು ಸವೆದಿವೆ, ದಿನಾ ರಾತ್ರಿ ಒಂದು ಲೋಟ ಹಾಲು ಕುಡೀರಿ ಅಂತ ಡಾಕ್ಟರು ಹೇಳಿದ್ದರು. ನಮ್ಮನೆಗೆ ಬಂದಾಗ ಎರಡು ದಿನ ಕುಡಿದಳು. ಮೂರನೇ ದಿನ, 'ತಮ್ಮಾ, ಹೊಟ್ಟಿ ನಗಾರಿ ಆಗೇತಿ. ಪಾಕೀಟಿನ್ಯಾಗ ಏನ್ ಕಲಸಿರ್ತಾರೋ ಏನೋ. ನಮ್ಮ ಎಮ್ಮಿ ಹಾಲಿಗೆ ಎಂದೂ ಹಿಂಗ ಆಗಿಲ್ಲ' ಅಂದಳು. ಅಲ್ಲಿಗೆ ಹಾಲಷ್ಟೇ ಅಲ್ಲ, ಪ್ಯಾಕೆಟ್ ಮೊಸರೂ ಬಂದ್ ಆಯಿತು. ಎಲುಬಿಗೆ ಬೇಕಾದದ್ದು ಯಾವುದೂ ಹೊಟ್ಟೆ ಸೇರದ ಹಾಗಾಯಿತು. ಹಾಗಾಗಿ ಅವ್ವನ ಮಾತು ಎಷ್ಟು ಖರೆ ಅಂತ ನೋಡಲೇಬೇಕಾಯಿತು. ನೋಡುತ್ತ ಹೋದರೆ ಅದು ಐದು ಸಾವಿರ ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು.

ಮೊದಲು ಹೊಟ್ಟೆಯೊಳಗಿನ ವಿಷಯ. ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇದೆ. ಆಕಳದಿರಲಿ ಎಮ್ಮೆಯದಿರಲಿ, ನೂರು ಮಿಲಿಗೆ ಹೆಚ್ಚುಕಡಿಮೆ 5 ಗ್ರಾಂ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಮೊಲೆ ಕುಡಿಯುವ ಎಲ್ಲ ಪ್ರಾಣಿಗಳ ಮರಿಗಳಲ್ಲೂ ಅದು ಭರ್ಜರಿಯಾಗಿರುತ್ತದೆ. ಮೊಲೆ ಬಿಟ್ಟ ಮೇಲೆ ನಿಧಾನವಾಗಿ ಇಳಿಯುತ್ತದೆ. ಕಿಣ್ವ ಇಲ್ಲದಿದ್ದರೆ ಲ್ಯಾಕ್ಟೋಸ್ ಹಾಗೇ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕು ಗ್ಯಾಸ್ ಆಗುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಅವ್ವ ಹೇಳಿದ ನಗಾರಿ ಇದೇ. ಮನುಷ್ಯರಲ್ಲೂ ಬಹುಪಾಲು ಜನರ ಕಥೆ ಇಷ್ಟೇ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಬಗ್ ಅಲ್ಲ, ಡಿಫಾಲ್ಟ್ ಸೆಟ್ಟಿಂಗ್. ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವವರ ಹತ್ತಿರ ಇರುವುದೇ ಪ್ಯಾಚ್.

ಆ ಪ್ಯಾಚ್ ಎಲ್ಲಿದೆ ಅಂತ 2002ರಲ್ಲಿ ಫಿನ್ಲೆಂಡಿನ ಸಂಶೋಧಕರು ಪತ್ತೆ ಹಚ್ಚಿದರು: ಲ್ಯಾಕ್ಟೇಸ್ ಜೀನಿನಿಂದ ಸುಮಾರು 14 ಸಾವಿರ ಅಕ್ಷರ ಆಚೆ, ಒಂದೇ ಒಂದು ಅಕ್ಷರದ ಬದಲಾವಣೆ. ಭಾರತದಲ್ಲಿ ಇದು ಹೇಗಿದೆ ಅಂತ ನೋಡಿದ ದೊಡ್ಡ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಉಪಖಂಡದ 2,284 ಮಂದಿಯ ಡಿಎನ್‌ಎ ಪರೀಕ್ಷಿಸಿದಾಗ ಸಿಕ್ಕದ್ದು ಯುರೋಪಿನವರಲ್ಲಿದ್ದ ಅದೇ ಬದಲಾವಣೆ. ವಾಯವ್ಯದಲ್ಲಿ ಹೆಚ್ಚು, ಆಗ್ನೇಯದ ಕಡೆ ಬಂದಂತೆ ಕಡಿಮೆ. ಅಂದರೆ ಪಂಜಾಬು, ಹರಿಯಾಣದ ಲಸ್ಸಿ ಲೋಟದ ಪಕ್ಕ ಹಾಲಿನ ಲೋಟವೂ ನಿಲ್ಲುತ್ತದೆ. ನಮ್ಮ ಕಡೆ ಬಂದಂತೆ ಬಹಳ ಜನಕ್ಕೆ ಹಾಲಿನ ಲೋಟ ಕಷ್ಟ. ನೀಲಗಿರಿಯ ತೋಡರಂಥ ಎಮ್ಮೆ ಸಾಕುವ ಸಮುದಾಯ ಮಾತ್ರ ದಕ್ಷಿಣದಲ್ಲಿ ಎದ್ದು ಕಾಣುವ ಅಪವಾದ.

ಇಲ್ಲೊಂದು ಗಂಟಿದೆ. ದಖ್ಖನಿನವರು ನಿನ್ನೆ ಮೊನ್ನೆ ದನ ಕಟ್ಟಿದವರಲ್ಲ. ಬಳ್ಳಾರಿ ಹತ್ತಿರದ ಕುಪ್ಪಗಲ್ಲು, ಸುರಪುರ ಸೀಮೆಯ ಬೂದಿಹಾಳಗಳಲ್ಲಿ ಬೂದಿದಿಬ್ಬಗಳಿವೆ. ನವಶಿಲಾಯುಗದ ಜನ ದನದ ದೊಡ್ಡಿಗಳಲ್ಲಿ ಗುಡ್ಡೆಯಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ದಿಬ್ಬಗಳು ಅವು. ಹಳೆಯವು ಹತ್ತಿರ ಹತ್ತಿರ 5000 ವರ್ಷದವು. ಬ್ರಿಟಿಷ್ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಇಂಥದೇ ಉಟ್ನೂರಿನ ದಿಬ್ಬ ಅಗೆದು 1963ರಲ್ಲಿ ದಕ್ಷಿಣ ಭಾರತದ ದನಗಾಹಿಗಳ ಮೇಲೆ ಪುಸ್ತಕವನ್ನೇ ಬರೆದರು. ಬೂದಿಹಾಳವನ್ನು ಅಗೆದವರು ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. ಇಷ್ಟು ದೀರ್ಘ ಕಾಲ ದನದ ಜೊತೆ ಬದುಕಿದ ನೆಲದಲ್ಲಿ ಹಾಲು ಅರಗಿಸುವ ಜೀನು ಯಾಕೆ ಎಲ್ಲರಿಗೂ ಹಬ್ಬಲಿಲ್ಲ?

ಯುರೋಪಿನಲ್ಲೂ ಇದೇ ಪ್ರಶ್ನೆ ಎದ್ದಿದೆ. 2022ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ರಿಚರ್ಡ್ ಎವರ್‌ಶೆಡ್ ಮತ್ತು ಸಂಗಡಿಗರು ಹಳೆಯ ಮಡಕೆ ಚೂರುಗಳಲ್ಲಿ ಇಂಗಿದ್ದ ಹಾಲಿನ ಜಿಡ್ಡನ್ನು ಲೆಕ್ಕ ಹಾಕಿ ತೋರಿಸಿದರು: ಆ ಜೀನು ವ್ಯಾಪಕವಾಗುವ ಸಾವಿರಾರು ವರ್ಷ ಮೊದಲೇ ಅಲ್ಲಿನವರು ಹಾಲು ಬಳಸುತ್ತಿದ್ದರು. ಬರಗಾಲ, ರೋಗಗಳ ಹೊತ್ತಿನಲ್ಲಿ ಹಾಲು ಅರಗದವರು ಹೆಚ್ಚು ಸತ್ತು, ಅರಗುವವರು ಉಳಿದದ್ದರಿಂದ ಜೀನು ಹಬ್ಬಿತು ಅನ್ನುವುದು ಅವರ ವಾದ. ಮಂಗೋಲಿಯಾದವರ ಉದಾಹರಣೆ ಇನ್ನೂ ಚೆನ್ನಾಗಿದೆ. ಅವರ ಊಟದಲ್ಲಿ ಹೈನು ಎಷ್ಟಿದೆಯೋ, ಮೈಯಲ್ಲಿ ಆ ಜೀನು ಅಷ್ಟೇ ಕಡಿಮೆ. ಯಾಕಂದ್ರೆ ಅವರು ಹಾಲನ್ನು ಹುಳಿ ಬರಿಸಿ ಕುಡಿಯುತ್ತಾರೆ, ಒಣಗಿಸಿ ತಿನ್ನುತ್ತಾರೆ.

ನಮ್ಮಲ್ಲೂ ಆದದ್ದು ಇದೇ ಇರಬೇಕು ಅಂತ ನನ್ನ ಊಹೆ. ಜೀನು ಮಾಡಬೇಕಾದ ಕೆಲಸವನ್ನು ಗಡಿಗೆ ಮಾಡಿತು. ನಮ್ಮ ಬಿಸಿಲಿಗೆ ಕರೆದ ಹಾಲು ಹೊತ್ತೇರುವುದರೊಳಗೆ ಒಡೆಯುತ್ತದೆ. ಅದನ್ನು ಉಳಿಸಿಕೊಳ್ಳಲು ಇದ್ದ ದಾರಿ ಒಂದೇ: ತಾನಾಗಿ ಕೆಡುವ ಮೊದಲು ನಾವೇ ಹದವಾಗಿ ಹುಳಿ ಬರಿಸುವುದು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದ ಅನ್ನಭೋಗದ ಭಾಗದಲ್ಲಿ ಹಾಲಿನ ಪಕ್ಕದಲ್ಲೇ ಮೊಸರು, ಮಜ್ಜಿಗೆಗೂ ಜಾಗ ಇದೆ. ಅರಮನೆಯ ಊಟದಲ್ಲೇ ಇದ್ದ ಮೇಲೆ ಗುಡಿಸಲಲ್ಲಿ ಇರದೇ ಇರುತ್ತದೆಯೇ?

ನಮ್ಮ ಮನೆಯಲ್ಲಿ ಅಮ್ಮ (ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತೀವಿ) ಮಾಡುತ್ತಿದ್ದದ್ದನ್ನು ಎಂಜಿನಿಯರ್ ಕಣ್ಣಿನಿಂದ ನೋಡಿದರೆ ಅದೂ ಒಂದು ಪ್ರೊಸೆಸಿಂಗ್ ಪ್ಲಾಂಟೇ. ಕಣಿಕಿ, ಹತ್ತಿಕಾಳು, ಹಿಂಡಿ ತಿಂದ ಎಮ್ಮೆಯ ಹಾಲು. ಕುಳ್ಳಿನ ಸಣ್ಣ ಉರಿಯಲ್ಲಿ ಮಧ್ಯಾಹ್ನದ ತನಕ ಕಾಯುತ್ತಿತ್ತು, ಮೇಲೆ ಕೆಂಪಗೆ ಕೆನೆ. ರಾತ್ರಿ ಉಗುರುಬೆಚ್ಚಗಾದ ಮೇಲೆ ಹೆಪ್ಪು. ಬೆಳಗಿನ ಜಾವ ಕಡಗೋಲಿನ ಸಪ್ಪಳ. ಬೆಣ್ಣೆ ಮೇಲೆ ಬಂದ ಮೇಲೆ ಉಳಿದದ್ದಕ್ಕೆ ಧಾರಾಳ ನೀರು.

ಇದರಲ್ಲಿ ಲ್ಯಾಕ್ಟೋಸಿನ ಲೆಕ್ಕ ಹಿಡಿಯೋಣ. ಕಾಯಿಸಿದ್ದರಿಂದ ಅದು ಕಡಿಮೆ ಆಗುವುದಿಲ್ಲ. ಹೆಪ್ಪು ಹಾಕಿದ ಮೇಲೆ ಬ್ಯಾಕ್ಟೀರಿಯಾಗಳು ಅದರಲ್ಲಿ ಐದನೇ ಒಂದು ಭಾಗದಿಂದ ಮೂರನೇ ಒಂದು ಭಾಗದಷ್ಟನ್ನು ತಿಂದು ಹುಳಿ ಮಾಡುತ್ತವೆ. ಆಮೇಲೆ ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಬಿದ್ದರೆ, ಹಾಲಿನ ಲೋಟದಲ್ಲಿ 10 ಗ್ರಾಂ ಇದ್ದದ್ದು ಮಜ್ಜಿಗೆ ಲೋಟದಲ್ಲಿ 2 ಗ್ರಾಂ ಆಸುಪಾಸಿಗೆ ಬರುತ್ತದೆ. ತುಪ್ಪದಲ್ಲಿ ಹೆಚ್ಚುಕಡಿಮೆ ಸೊನ್ನೆ. ಅರಿವೆಯಲ್ಲಿ ಕಟ್ಟಿ ತೂಗುಹಾಕಿದ ಶ್ರೀಖಂಡದ ಚಕ್ಕಾದಿಂದಲೂ ನೀರಿನ ಜೊತೆ ಒಂದಷ್ಟು ಲ್ಯಾಕ್ಟೋಸ್ ಸೋರಿ ಹೋಗುತ್ತದೆ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. 1984ರಲ್ಲಿ ಅಮೆರಿಕದ ಜೋಸೆಫ್ ಕೋಲಾರ್ಸ್, ಮೈಕೆಲ್ ಲೆವಿಟ್ ಮತ್ತಿತರರು ಹಾಲು ಅರಗದವರಿಗೆ ಒಂದು ದಿನ ಹಾಲು, ಇನ್ನೊಂದು ದಿನ ಅಷ್ಟೇ ಲ್ಯಾಕ್ಟೋಸ್ ಇರುವ ಯೋಗರ್ಟ್ ಕೊಟ್ಟು, ಉಸಿರಿನಲ್ಲಿ ಬರುವ ಹೈಡ್ರೋಜನ್ ಅಳೆದರು. ಲ್ಯಾಕ್ಟೋಸ್ ಅರಗದೆ ಕೊಳೆತಷ್ಟೂ ಉಸಿರಿನಲ್ಲಿ ಹೈಡ್ರೋಜನ್ ಹೆಚ್ಚು. ಯೋಗರ್ಟ್ ತಿಂದಾಗ ಅದು ಹಾಲಿಗಿಂತ ಸುಮಾರು ಮೂರನೇ ಒಂದಕ್ಕೆ ಇಳಿದಿತ್ತು. ಕಾರಣ, ಜೀವಂತ ಬ್ಯಾಕ್ಟೀರಿಯಾಗಳು ತಮ್ಮ ಕಿಣ್ವವನ್ನು ಹೊಟ್ಟೆಯೊಳಗೂ ಹೊತ್ತು ತಂದು, ಅಲ್ಲಿ ನಮ್ಮ ಪರವಾಗಿ ಲ್ಯಾಕ್ಟೋಸ್ ಒಡೆಯುತ್ತವೆ. ಗಟ್ಟಿಯಾಗಿರುವುದರಿಂದ ಹೊಟ್ಟೆಯಿಂದ ನಿಧಾನ ಇಳಿಯುವುದೂ ಅನುಕೂಲ. ಮನೆ ಮನೆಯ ಹೆಪ್ಪಿನಲ್ಲಿ ಇರುವ ಜೀವಿಗಳು ಬೇರೆ ಬೇರೆ. ಆದರೆ ಲ್ಯಾಕ್ಟೋಸ್ ತಿಂದು ಬದುಕುವುದು ಅವುಗಳಿಗೂ ಕಸುಬು. ಹೆಪ್ಪಾದ ಮೇಲೆ ಮತ್ತೆ ಬಿಸಿ ಮಾಡಿ, ತಿಂಗಳುಗಟ್ಟಲೆ ಇಡುವಂತೆ ಮಾಡಿದ ಯೋಗರ್ಟಿನಲ್ಲಿ ಮಾತ್ರ ಈ ಲಾಭ ಕಡಿಮೆಯಾಗುತ್ತದೆ, ಜೀವಿಗಳೇ ಸತ್ತಿರುತ್ತವೆ.

ಈಗ ಡೈರಿಯ ಇತಿಹಾಸಕ್ಕೆ ಬರೋಣ. ಹಾಲನ್ನು ಬಿಸಿ ಮಾಡಿ ರೋಗಾಣು ಕೊಲ್ಲುವ ವಿಧಾನಕ್ಕೆ ಲೂಯಿ ಪಾಶ್ಚರ್ ಹೆಸರಿದ್ದರೂ 1860ರ ದಶಕದಲ್ಲಿ ಅವರು ತಲೆ ಕೆಡಿಸಿಕೊಂಡಿದ್ದು ವೈನ್ ಬಗ್ಗೆ. ಕೂಸುಗಳ ಹಾಲನ್ನು ಹೀಗೆ ಬಿಸಿ ಮಾಡಬೇಕು ಅಂತ 1886ರಲ್ಲಿ ಹೇಳಿದವರು ಜರ್ಮನಿಯ ಫ್ರಾಂಟ್ಸ್ ಫಾನ್ ಸಾಕ್ಸ್‌ಲೆಟ್. ಹಾಲಿನಿಂದ ಕ್ಷಯ ಹರಡುತ್ತಿದ್ದ ಕಾಲ ಅದು. ಬೆಂಗಳೂರಿನಲ್ಲಿ 1923ರಲ್ಲಿ ಸರ್ಕಾರಿ ಹೈನು ಸಂಸ್ಥೆ ಶುರುವಾಯಿತು. 1927ರಲ್ಲಿ ವಿಶ್ರಾಂತಿಗೆ ಬಂದಿದ್ದ ಗಾಂಧೀಜಿ ಅಲ್ಲಿ ಹೈನುಗಾರಿಕೆ ಕಲಿಯಲು ಹೋಗಿದ್ದರು. ಅದೇ ಸಂಸ್ಥೆ 1955ರಲ್ಲಿ ಕರ್ನಾಲಿಗೆ ಮುಖ್ಯ ಕಚೇರಿ ಒಯ್ದು ಇವತ್ತಿನ ಎನ್‌ಡಿಆರ್‌ಐ ಆಗಿದೆ. ಅದೇ ವರ್ಷ ಕೊಡಗಿನ ಕೂಡಿಗೆಯಲ್ಲಿ ಡೈರಿ ಬಂತು. 1965ರಲ್ಲಿ ಆಣಂದದಲ್ಲಿ ಎನ್‌ಡಿಡಿಬಿ, 1970ರಲ್ಲಿ ಆಪರೇಷನ್ ಫ್ಲಡ್, 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ, 1984ರಲ್ಲಿ ಅದು ಕೆಎಂಎಫ್. 'ನಂದಿನಿ' ಅನ್ನುವ ಹೆಸರು ನಮ್ಮ ಬಾಯಿಗೆ ಬಂದದ್ದು ಹೀಗೆ.

ಈ ಕಥೆಯೊಳಗೆ ನನಗೆ ಬಹಳ ಹಿಡಿಸಿದ ಪಾತ್ರ ದಾರಾ ಖುರೋಡಿ. ಕುರಿಯನ್, ತ್ರಿಭುವನ್‌ದಾಸ್ ಪಟೇಲರ ಜೊತೆ 1963ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಹಂಚಿಕೊಂಡವರು. ಆದರೆ ಹೆಸರು ಕೇಳಿದವರು ಕಡಿಮೆ. ಮುಂಬೈಯಲ್ಲಿ 1946ರ ಹೊತ್ತಿಗೆ 'ಟೋನ್ಡ್' ಹಾಲು ತಂದವರು ಅವರೇ. ಎಮ್ಮೆ ಹಾಲಿನಲ್ಲಿ ಕೊಬ್ಬು ಜಾಸ್ತಿ, ಬೆಲೆಯೂ ಜಾಸ್ತಿ. ಅದಕ್ಕೆ ನೀರು ಹಾಕಿದರೆ ಕೊಬ್ಬು ಇಳಿಯುತ್ತದೆ, ಆದರೆ ಹಾಲು ತೆಳುವಾಗುತ್ತದೆ. ಹಾಗಾಗಿ ನೀರಿನ ಜೊತೆ ಕೆನೆ ತೆಗೆದ ಹಾಲಿನ ಪುಡಿಯನ್ನೂ ಸೇರಿಸಿದರು. ಒಂದು ಲೀಟರ್ ಹಾಲು ಹೆಚ್ಚು ಜನರಿಗೆ, ಕಡಿಮೆ ಬೆಲೆಗೆ ಸಿಕ್ಕಿತು. ಆಪರೇಷನ್ ಫ್ಲಡ್ ಶುರುವಾದದ್ದೂ ಯುರೋಪಿನಿಂದ ದಾನ ಬಂದ ಹಾಲಿನ ಪುಡಿ, ಬೆಣ್ಣೆಎಣ್ಣೆಯ ಮೇಲೆ.

ಈಗ ಆ ಪುಡಿಯನ್ನು ನೋಡಿ. ಕೆನೆ ತೆಗೆದ ಹಾಲಿನ ಪುಡಿಯಲ್ಲಿ ಅರ್ಧದಷ್ಟು ಲ್ಯಾಕ್ಟೋಸೇ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಕೊಬ್ಬಲ್ಲದ ಘನಾಂಶ ಶೇ. 8.5 ಇರಬೇಕು. ಡಬಲ್ ಟೋನ್ಡ್‌ನಲ್ಲಿ ಕೊಬ್ಬು 1.5ಕ್ಕೆ ಇಳಿದರೆ ಘನಾಂಶ 9ಕ್ಕೆ ಏರುತ್ತದೆ. ಆ ಘನಾಂಶದಲ್ಲಿ ಅರ್ಧಕ್ಕಿಂತ ಹೆಚ್ಚು ಲ್ಯಾಕ್ಟೋಸ್. 'ಲೈಟ್ ಆಗಿರ್ಲಿ' ಅಂತ ಕೊಬ್ಬು ಕಡಿಮೆ ಇರುವ ಪ್ಯಾಕೆಟ್ ತಂದವರ ಹೊಟ್ಟೆಗೆ ಲ್ಯಾಕ್ಟೋಸಿನ ಭಾರ ಒಂದು ಗುಲಗಂಜಿಯಷ್ಟೂ ಇಳಿದಿರುವುದಿಲ್ಲ. ನಮ್ಮ ಅಮ್ಮನ ಗಡಿಗೆ ಮತ್ತು ಡೈರಿಯ ಟ್ಯಾಂಕು ಎರಡೂ ಬೆಣ್ಣೆ ತೆಗೆಯುತ್ತವೆ. ಗಡಿಗೆ ಅದರ ಜೊತೆ ಲ್ಯಾಕ್ಟೋಸನ್ನೂ ಇಳಿಸುತ್ತದೆ, ಟ್ಯಾಂಕು ಅದನ್ನು ಹಾಗೇ ಕಾಪಾಡುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

ಹಾಗಾದರೆ ಪಾಶ್ಚರೀಕರಣ? 72 ಡಿಗ್ರಿಯಲ್ಲಿ 15 ಸೆಕೆಂಡು. ಲ್ಯಾಕ್ಟೋಸ್ ಮುಟ್ಟುವುದೂ ಇಲ್ಲ, ಹೆಚ್ಚಿಸುವುದೂ ಇಲ್ಲ. ಕೊಬ್ಬಿನ ಹನಿಗಳನ್ನು ಒಡೆದು ಕೆನೆಗಟ್ಟದಂತೆ ಮಾಡುವ ಹೋಮೋಜಿನೈಸೇಷನ್ನಿಂದಲೂ ಅಷ್ಟೇ. ಹಸಿ ಹಾಲಿನಲ್ಲಿ ಅರಗಿಸುವ ಕಿಣ್ವ ಇರುತ್ತದೆ, ಬಿಸಿ ಮಾಡಿ ಅದನ್ನು ಕೊಲ್ಲುತ್ತಾರೆ ಅನ್ನುವ ಮಾತನ್ನು ಸ್ಟ್ಯಾನ್‌ಫರ್ಡಿನ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ ಪರೀಕ್ಷೆಗೇ ಒಡ್ಡಿತು. 2014ರಲ್ಲಿ ಪ್ರಕಟವಾದ ಆ ಪುಟ್ಟ ಅಧ್ಯಯನದಲ್ಲಿ ಹಾಲು ಅರಗದ 16 ಮಂದಿ ಹಸಿ ಹಾಲನ್ನೂ ಪಾಶ್ಚರೀಕರಿಸಿದ ಹಾಲನ್ನೂ ಕುಡಿದರು. ಹಸಿ ಹಾಲಿನಿಂದ ಯಾವ ಅನುಕೂಲವೂ ಕಾಣಲಿಲ್ಲ. ನಮ್ಮ ಹಳ್ಳಿಯಲ್ಲೂ ಹಸಿ ಹಾಲು ಕುಡಿಯುವ ರೂಢಿ ಇರಲಿಲ್ಲವಲ್ಲ. ದಿನವಿಡೀ ಕುಳ್ಳಿನ ಮೇಲೆ ಕುದಿಸುತ್ತಿದ್ದರು! ಹಳ್ಳಿಯ ಹೆಸರಲ್ಲಿ ಪೇಟೆಯವರು ಹಸಿ ಹಾಲು ಕುಡಿದು ಬ್ರುಸೆಲ್ಲಾ, ಕ್ಷಯ ತಂದುಕೊಳ್ಳುವುದು ಯಾವ ಸಂಪ್ರದಾಯವೂ ಅಲ್ಲ.

'ಎ2' ಕೂಡ ಬೇರೆ ದಾರಿ. ಅದು ಹಾಲಿನ ಒಂದು ಪ್ರೋಟೀನಿನ ತಳಿಭೇದ. ಆ ಪ್ರೋಟೀನಿನಿಂದ ಕೆಲವರ ಹೊಟ್ಟೆಗೆ ವ್ಯತ್ಯಾಸ ಆಗುತ್ತದೋ ಇಲ್ಲವೋ ಅನ್ನುವ ಚರ್ಚೆ ನಡೆದಿದೆ. ಆದರೆ ಎ2 ಹಾಲಿನಲ್ಲೂ ಲ್ಯಾಕ್ಟೋಸ್ ಅಷ್ಟೇ ಇದೆ. ಮೇಲಾಗಿ ನಮ್ಮ ಎಮ್ಮೆ ಹಾಲು ಮೊದಲಿನಿಂದಲೂ ಎ2. ಮೊರಬದ ಎಮ್ಮೆಗೆ ಯಾರೂ ಗಾಜಿನ ಬಾಟಲಿ ಕಟ್ಟಿರಲಿಲ್ಲ ಅಷ್ಟೇ.

ಹಳೆಯದ್ದೆಲ್ಲ ಹೊಟ್ಟೆಗೆ ಹಗುರ ಅಂತಲೂ ಅಲ್ಲ. ನಮ್ಮ ಹೆಮ್ಮೆಯ ಧಾರವಾಡ ಪೇಢೆಯನ್ನೇ ತಗೊಳ್ಳಿ. ಐದು ಲೀಟರ್ ಎಮ್ಮೆ ಹಾಲು ಬತ್ತಿಸಿದರೆ ಒಂದು ಕೆಜಿ ಆಸುಪಾಸು ಖೋವಾ. ನೀರು ಹೋಯಿತು, ಲ್ಯಾಕ್ಟೋಸ್ ಉಳಿಯಿತು. ಖೋವಾದಲ್ಲಿ ಕಾಲು ಭಾಗ ಅದೇ. ಒಂದು ಪೇಢೆ ತಿಂದರೆ ಏನೂ ಆಗುವುದಿಲ್ಲ, ಪಾವು ಕಿಲೋ ಖಾಲಿ ಮಾಡಿದರೆ ರಾತ್ರಿ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಹಾಲಿನ ಅಲರ್ಜಿ ಅನ್ನುವುದು ಪೂರ್ತಿ ಬೇರೆ ಸಂಗತಿ. ಅದು ಸಕ್ಕರೆಯ ಕಥೆ ಅಲ್ಲ, ಪ್ರೋಟೀನಿನ ಮೇಲೆ ಮೈ ಯುದ್ಧ ಸಾರುವುದು. ಹೆಚ್ಚಾಗಿ ಸಣ್ಣ ಮಕ್ಕಳಲ್ಲಿ. ಅಂಥವರಿಗೆ ಮೊಸರು, ಮಜ್ಜಿಗೆ, ಲ್ಯಾಕ್ಟೋಸ್-ಫ್ರೀ ಹಾಲು ಯಾವುದೂ ಸುರಕ್ಷಿತವಲ್ಲ. 2008ರಲ್ಲಿ ನ್ಯೂಯಾರ್ಕಿನ ಅಧ್ಯಯನವೊಂದರಲ್ಲಿ ಹಾಲಿನ ಅಲರ್ಜಿಯ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳು ಮಫಿನ್‌ನಂಥ ತಿನಿಸಿನಲ್ಲಿ ಚೆನ್ನಾಗಿ ಬೆಂದ ಹಾಲನ್ನು ತಡೆದುಕೊಂಡರು. ಒಲೆಯ ಶಾಖಕ್ಕೆ ಕೆಲವು ಪ್ರೋಟೀನುಗಳ ರೂಪ ಬದಲಾಗುತ್ತದೆ. ಉಳಿದ ಮಕ್ಕಳಲ್ಲಿ ಕೆಲವರಿಗೆ ತೀವ್ರ ತೊಂದರೆಯೂ ಆಗಬಹುದು ಅನ್ನುವ ಕಾರಣಕ್ಕೆ ಇದು ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆ, ಅಡುಗೆಮನೆಯಲ್ಲಿ ಅಲ್ಲ.

ಅವ್ವನ ಲೆಕ್ಕ ಈಗ ಸರಿಹೋಗುತ್ತದೆ. ನಮ್ಮ ಎಮ್ಮೆ ಹಾಲಿಗೆ ಹಿಂಗ ಆಗಿರಲಿಲ್ಲ ಅಂದದ್ದು ಖರೆ. ಆದರೆ ಆಕೆ ಆ ಎಮ್ಮೆಯ ಹಾಲನ್ನು ಹಾಲಾಗಿ ಕುಡಿದೇ ಇರಲಿಲ್ಲ. ಮೊಸರಾಗಿ, ಮಜ್ಜಿಗೆಯಾಗಿ, ಚಹಾದ ಒಂದು ಹನಿಯಾಗಿ ತಗೊಂಡಿದ್ದಳು. ಪ್ಯಾಕೆಟ್ ಹಾಲಿಗೂ ಹೆಪ್ಪು ಹಾಕಿದರೆ ಅದೇ ಮಜ್ಜಿಗೆ ಆಗುತ್ತದೆ ಅಂತ ಹೇಳಿದೆ. 'ಅದನ್ನ ಹೇಳಾಕ ಇಷ್ಟೆಲ್ಲ ಓದಬೇಕಿತ್ತೇನೋ?' ಅಂದಳು. ಈಗ ದಿನಾ ಎರಡು ಬಟ್ಟಲು ಮೊಸರು ನಡೆದಿದೆ; ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಮೊಸರಿನಲ್ಲೂ ಹಾಲಿನಷ್ಟೇ ಇದೆ.

ಆದರೆ ಮೊರಬದಲ್ಲಿ ಇದೇ ಸಲಹೆ ಸುಲಭವಿಲ್ಲ, ನನ್ನನ್ನು ಕಾಡುವುದು ಅದು. ನಮ್ಮ ಕಡೆ ಮಜ್ಜಿಗೆಗೆ ರೊಕ್ಕ ಇಸಗೊಳ್ಳಬಾರದು ಅನ್ನುವ ಮಾತಿತ್ತು. ಕಡೆದ ದಿನ ಹೈನು ಇಲ್ಲದ ಮನೆಯವರು ಚರಗಿ ಹಿಡಿದು ಬರುತ್ತಿದ್ದರು, ಅಮ್ಮ ಇಲ್ಲ ಅಂದದ್ದು ಕೇಳಿಲ್ಲ. ಹಾಲು ಕ್ಯಾನಿಗೆ ಬೀಳಲು ಶುರುವಾದ ಮೇಲೆ ಹದಿನೈದು ದಿನಕ್ಕೊಮ್ಮೆ ರೊಕ್ಕ ಬಂತು. ಮಳೆ ಕೈಕೊಡುವ ಎರಿ ಸೀಮೆಯಲ್ಲಿ ಆ ರೊಕ್ಕದ ಬೆಲೆ ಸಣ್ಣದಲ್ಲ. ನನ್ನ ಹಾಸ್ಟೆಲ್ ಫೀಸಿನಲ್ಲಿ ಎಮ್ಮೆಯ ಪಾಲೂ ಇದೆ. ಆದರೆ ಮಾರುವ ಹಾಲಿನಲ್ಲಿ ಮಜ್ಜಿಗೆ ಉಳಿಯುವುದಿಲ್ಲ. ಕಡಗೋಲು ನಿಂತ ದಿನ ಓಣಿಯ ಬಡವರ ಮನೆಯ ಮಜ್ಜಿಗೆಯೂ ನಿಂತಿತು. ಹಾಲು ಊರಿನಿಂದ ಪೇಟೆಗೆ ಹರಿಯುತ್ತಿದೆ ಅಂತ 1980ರ ದಶಕದಲ್ಲೇ ಟೀಕಾಕಾರರು ಹೇಳಿದ್ದರು. ಹರಿದದ್ದು ಬರೇ ಹಾಲಲ್ಲ, ಹಾಲು ಆಗದವರ ಪಾಲಿನ ಪೌಷ್ಟಿಕಾಂಶ ಕೂಡ.

ಸರ್ಕಾರ ಅದರಲ್ಲಿ ಒಂದಿಷ್ಟನ್ನು 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಮೂಲಕ ಶಾಲೆಗಳಿಗೆ ವಾಪಸ್ ತಂದಿತು. 18 ಗ್ರಾಂ ಪುಡಿಯಿಂದ 150 ಮಿಲಿ ಹಾಲು. ಅದರಲ್ಲಿ ಸುಮಾರು 7 ಗ್ರಾಂ ಲ್ಯಾಕ್ಟೋಸ್. ಹಾಲು ಅರಗದ ದೊಡ್ಡವರಲ್ಲೂ ಬಹಳ ಜನ ಒಂದು ಸಲಕ್ಕೆ 12 ಗ್ರಾಂ ತನಕ ತಡೆದುಕೊಳ್ಳುತ್ತಾರೆ, ಊಟದ ಜೊತೆಯಾದರೆ ಇನ್ನೂ ಸಲೀಸು. ಹಾಗಾಗಿ ಆ ಪ್ರಮಾಣ ಬಹುಪಾಲು ಮಕ್ಕಳಿಗೆ ಭಾರವಲ್ಲ. ಶಾಲೆ ಬಿಟ್ಟ ಅವರ ಅಜ್ಜಿಯರಿಗೆ ಮಾತ್ರ ಯಾವ ಯೋಜನೆಯೂ ಹೆಪ್ಪು ಹಾಕಿ ಕೊಡುವುದಿಲ್ಲ.

ನಿಮಗೆ ಹಾಲು ಆಗದಿದ್ದರೆ ದುಬಾರಿ ಬಾಟಲಿಗೆ ಹೋಗುವ ಮುಂಚೆ ಮನೆಯಲ್ಲಿರುವ ಪ್ಯಾಕೆಟ್ ತಿರುಗಿಸಿ ನೋಡಿ. ಕೊಬ್ಬಿನ ಸಾಲು ಬಿಟ್ಟು ಕಾರ್ಬೋಹೈಡ್ರೇಟ್ ಸಾಲು ಓದಿ. ಸಾದಾ ಹಾಲಿನಲ್ಲಿ ಅದೇ ಲ್ಯಾಕ್ಟೋಸ್. ಲ್ಯಾಕ್ಟೋಸ್-ಫ್ರೀ ಅಂತ ಬರುವ ಹಾಲಿಗೆ ಕಿಣ್ವವನ್ನು ಕಾರ್ಖಾನೆಯಲ್ಲೇ ಹಾಕಿರುತ್ತಾರೆ, ಅದಕ್ಕೇ ಕುಡಿದಾಗ ಸ್ವಲ್ಪ ಸಿಹಿ. ಒಳ್ಳೆಯದೇ, ಬೇಕಾದವರು ಕೊಳ್ಳಲಿ. ಉಳಿದವರಿಗೆ ಅದೇ ಪ್ಯಾಕೆಟ್ಟು, ಒಂದು ಚಮಚ ಹೆಪ್ಪು, ಒಂದು ರಾತ್ರಿ ಸಾಕು. ಮೊಸರು ಉಳಿದರೆ ಒಂದಿಷ್ಟು ಮಜ್ಜಿಗೆ ಮಾಡಿ ಪಕ್ಕದ ಫ್ಲ್ಯಾಟಿಗೂ ಕೊಡಿ. ರೊಕ್ಕ ಮಾತ್ರ ಇಸಗೊಳ್ಳಬೇಡಿ.